ಹಂಚಿಕೊಂಡ ಹಾಡಿನ ಮೂರು ಲೆಕ್ಕ

ಪ್ರಶ್ನೆ: ಬಿಡುವಿನ ವೇಳೆಯಲ್ಲಿ ಸಂಗೀತ ಸಂಯೋಜನೆ ಮಾಡುವುದು ನನ್ನ ಹವ್ಯಾಸ. ಮೂರು ವರ್ಷದ ಹಿಂದೆ ಒಂದು ವಾದ್ಯಸಂಗೀತದ ತುಣುಕನ್ನು ಅಂತರ್ಜಾಲದಲ್ಲಿ ಹಾಕಿದ್ದೆ. ಈಚೆಗೆ ಅಪರಿಚಿತರೊಬ್ಬರು ಅದರ ನಲವತ್ತು ಸೆಕೆಂಡು ಎತ್ತಿಕೊಂಡು, ತಾಳ ಬದಲಿಸಿ, ತಮ್ಮ ದನಿ ಸೇರಿಸಿ ಹೊಸ ಹಾಡು ಮಾಡಿದ್ದಾರೆ. ನನ್ನ ಹೆಸರು ಎಲ್ಲೂ ಇಲ್ಲ. ನನ್ನದನ್ನು ಕೇಳಿದವರಿಗಿಂತ ಅದನ್ನು ಕೇಳಿದವರು ಎಷ್ಟೋ ಪಟ್ಟು ಹೆಚ್ಚು. ಸಿಟ್ಟು ಬಂತು. ಗೆಳೆಯನ ಹತ್ತಿರ ಹೇಳಿಕೊಂಡರೆ ಅವನು, ‘ಓದುವ ದಿನಗಳಲ್ಲಿ ನೀನು ಟೊರೆಂಟ್‌ನಿಂದ ಇಳಿಸಿಕೊಂಡ ಸಾವಿರಾರು ಹಾಡುಗಳಿಗೆ ಯಾರನ್ನು ಕೇಳಿದ್ದೆ?’ ಅಂದ. ಉತ್ತರ ಹೊಳೆಯಲಿಲ್ಲ. ಫೈಲ್ ಹಂಚಿಕೊಳ್ಳುವುದು ಕಳ್ಳತನವೇ? ಎಲ್ಲವೂ ಬಿಟ್ಟಿ ಸಿಕ್ಕರೆ ಕಲಾವಿದರು ಬದುಕುವುದು ಹೇಗೆ? ಎಲ್ಲಕ್ಕೂ ಬೀಗ ಹಾಕಿದರೆ ಹೊಸದು ಹುಟ್ಟುವುದು ಹೇಗೆ? ನಾನೀಗ ಏನು ಮಾಡಲಿ? ಆ ಹಾಡುಗಳ ಹಾರ್ಡ್ ಡಿಸ್ಕ್ ಇನ್ನೂ ನನ್ನ ಬಳಿ ಇದೆ.

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಿಮ್ಮ ತುಣುಕಿಗೆ ಇಷ್ಟು ಸಂಭಾವನೆ ಬರಬೇಕಿತ್ತು ಎಂಬ ಮಾತು ಅದರಲ್ಲಿ ಒಂದು ಕಡೆಯೂ ಇಲ್ಲ. ನನ್ನನ್ನು ಕೇಳಲಿಲ್ಲ ಎಂಬ ದೂರು ಕೂಡ ಇಲ್ಲ. ‘ನನ್ನ ಹೆಸರು ಎಲ್ಲೂ ಇಲ್ಲ’ ಎಂದು ಮಾತ್ರ ಬರೆದಿದ್ದೀರಿ. ಆ ಒಂದು ವಾಕ್ಯವನ್ನು ಹಿಡಿದುಕೊಂಡೇ ಹೊರಡೋಣ.

ಸಂಗೀತಗಾರರ, ಬರಹಗಾರರ ಒಪ್ಪಂದಪತ್ರಗಳನ್ನು ಓದುವುದು ನನ್ನ ವೃತ್ತಿ. ಕೃತಿಯೊಂದರ ಸುತ್ತ ನಡೆಯುವ ಜಗಳಗಳು ಮೂರೇ ಲೆಕ್ಕದವು ಎಂಬುದು ಇಷ್ಟು ವರ್ಷದಲ್ಲಿ ನನಗೆ ಮನದಟ್ಟಾಗಿದೆ: ಕೇಳಿದರೋ ಇಲ್ಲವೋ, ಕೊಟ್ಟರೋ ಇಲ್ಲವೋ, ಹೆಸರು ಹೇಳಿದರೋ ಇಲ್ಲವೋ. ಅನುಮತಿ, ದುಡ್ಡು, ಹೆಸರು. ಈ ಮೂರನ್ನೂ ಹಕ್ಕುಸ್ವಾಮ್ಯ ಎಂಬ ಒಂದೇ ಚೀಲದಲ್ಲಿ ತುಂಬಿಟ್ಟಿದ್ದೇವೆ. ಫೈಲ್ ಹಂಚಿಕೆಯ ಬಗ್ಗೆ ಕಾಲು ಶತಮಾನ ನಡೆದ ಗುದ್ದಾಟದಲ್ಲಿ ಎರಡೂ ಕಡೆಯವರು ಆ ಚೀಲದ ಬಾಯಿ ಬಿಚ್ಚಲೇ ಇಲ್ಲ. ನಿಮ್ಮ ಗೆಳೆಯನ ಪ್ರಶ್ನೆಗೆ ನಿಮಗೆ ಉತ್ತರ ಹೊಳೆಯದೆ ಹೋದದ್ದೂ ಅದಕ್ಕೇ. ಅವನು ಕೇಳಿದ್ದು ಅನುಮತಿಯ ಲೆಕ್ಕ. ನಿಮಗೆ ನೋವಾಗಿದ್ದು ಹೆಸರಿನ ಲೆಕ್ಕದಲ್ಲಿ.

ಹೆಸರಿನದು ಬಹಳ ಹಳೆಯ ತಕರಾರು. ರೋಮಿನ ಕವಿ ಮಾರ್ಷಿಯಲ್, ಒಂದನೇ ಶತಮಾನದವನು, ತನ್ನ ಪದ್ಯಗಳನ್ನು ಬೇರೊಬ್ಬ ತನ್ನವೇ ಎಂಬಂತೆ ಓದಿಕೊಂಡು ತಿರುಗುತ್ತಿದ್ದುದನ್ನು ಕಂಡು ಅವನನ್ನು ‘ಪ್ಲಾಜಿಯಾರಿಯಸ್’ ಎಂದು ಕರೆದ. ಮನುಷ್ಯರನ್ನು ಅಪಹರಿಸುವವನಿಗೆ ಆ ಭಾಷೆಯಲ್ಲಿದ್ದ ಹೆಸರು ಅದು. ಕೃತಿಚೌರ್ಯಕ್ಕೆ ಇಂಗ್ಲಿಷಿನಲ್ಲಿ ಇವತ್ತಿಗೂ ಬಳಸುವ ಪದ ಅಲ್ಲಿಂದಲೇ ಬಂದಿದೆ. ಮುದ್ರಣಯಂತ್ರ ಇನ್ನೂ ಬಂದಿರಲಿಲ್ಲ, ನಕಲು ತಡೆಯುವ ಕಾನೂನೂ ಇರಲಿಲ್ಲ, ಆದರೆ ಆ ಸಂಕಟ ನಿಮ್ಮದೇ. ನಮ್ಮ ವಚನಕಾರರು, ಕೀರ್ತನಕಾರರು ಇದಕ್ಕೆ ಕಂಡುಕೊಂಡ ದಾರಿ ನನಗೆ ತುಂಬ ಇಷ್ಟ: ಅಂಕಿತವನ್ನು ರಚನೆಯ ಒಳಗೇ ಹೆಣೆದುಬಿಟ್ಟರು. ಯಾರು ಹಾಡಲಿ, ಎಷ್ಟು ಪ್ರತಿ ಮಾಡಿಕೊಳ್ಳಲಿ, ಮುದ್ರೆ ಹಾಡಿನ ಜೊತೆಗೇ ಹೋಗುತ್ತಿತ್ತು. ಹಂಚುವುದಕ್ಕೆ ತಡೆಯಿಲ್ಲ, ಹೆಸರು ಅಳಿಸುವುದು ಮಾತ್ರ ಕಷ್ಟ.

ಅಂತರರಾಷ್ಟ್ರೀಯ ಕಾನೂನು ಇದನ್ನು ಗುರುತಿಸಿದ್ದು ತಡವಾಗಿ. ಹಕ್ಕುಸ್ವಾಮ್ಯದ ಬಗ್ಗೆ ದೇಶಗಳ ನಡುವೆ 1886ರಲ್ಲಿ ಆದ ಬರ್ನ್ ಒಪ್ಪಂದಕ್ಕೆ 1928ರಲ್ಲಿ ರೋಮ್‌ನಲ್ಲಿ ತಿದ್ದುಪಡಿಯಾದಾಗ ‘ನೈತಿಕ ಹಕ್ಕು’ ಎಂಬುದು ಸೇರಿತು. ಆರ್ಥಿಕ ಹಕ್ಕುಗಳನ್ನೆಲ್ಲ ಮಾರಿಬಿಟ್ಟ ಮೇಲೂ ‘ಇದನ್ನು ಮಾಡಿದವನು ನಾನು’ ಎಂದು ಹೇಳಿಕೊಳ್ಳುವ ಹಕ್ಕು, ತನ್ನ ಗೌರವಕ್ಕೆ ಧಕ್ಕೆ ತರುವಂತೆ ಕೃತಿಯನ್ನು ವಿರೂಪಗೊಳಿಸಿದರೆ ಆಕ್ಷೇಪಿಸುವ ಹಕ್ಕು ಕರ್ತೃವಿನ ಬಳಿಯೇ ಉಳಿಯುತ್ತದೆ. ಭಾರತದ 1957ರ ಹಕ್ಕುಸ್ವಾಮ್ಯ ಕಾಯ್ದೆಯ 57ನೇ ಸೆಕ್ಷನ್‌ ಇದೇ. ದೇಶದಿಂದ ದೇಶಕ್ಕೆ ಇದರ ಬಲ ಹೆಚ್ಚುಕಡಿಮೆ ಆಗುತ್ತದೆ. ಅದೇನೇ ಇರಲಿ, ನಿಮ್ಮ ಸಿಟ್ಟಿಗೆ ಕಾನೂನಿನಲ್ಲಿ ಒಂದು ಜಾಗ ಇದೆ, ಅದು ಹುಡುಗುತನದ ಸಿಟ್ಟಲ್ಲ ಎಂಬುದು ನಿಮಗೆ ತಿಳಿದಿರಲಿ.

ಇನ್ನು ಅನುಮತಿ. ಇದು ಹುಟ್ಟಿದ್ದು ಕವಿಯ ಸಂಕಟದಿಂದಲ್ಲ, ಮುದ್ರಕರ ಪೈಪೋಟಿಯಿಂದ. 1710ರಲ್ಲಿ ಬ್ರಿಟನ್ನಿನಲ್ಲಿ ಜಾರಿಗೆ ಬಂದ ರಾಣಿ ಆ್ಯನ್‌ಳ ಕಾಯ್ದೆ, ಹೊಸ ಪುಸ್ತಕವನ್ನು ಅಚ್ಚು ಹಾಕುವ ಹಕ್ಕನ್ನು ಕರ್ತೃವಿಗೆ 14 ವರ್ಷಕ್ಕೆ ಕೊಟ್ಟಿತು. ಅಷ್ಟು ಕಾಲ ಕಳೆದ ಮೇಲೂ ಆತ ಬದುಕಿದ್ದರೆ ಇನ್ನೊಂದು 14 ವರ್ಷ. ಅವಧಿ ಮುಗಿದ ಮೇಲೆ ಯಾರು ಬೇಕಾದರೂ ಅಚ್ಚು ಹಾಕಬಹುದಿತ್ತು. ಲಂಡನ್ನಿನ ಪುಸ್ತಕ ವ್ಯಾಪಾರಿಗಳು ಇದನ್ನು ಒಪ್ಪಲಿಲ್ಲ, ತಮ್ಮ ಹಕ್ಕು ಶಾಶ್ವತ ಎಂದು ದಶಕಗಳ ಕಾಲ ವಾದಿಸಿದರು. 1774ರಲ್ಲಿ ಎಡಿನ್‌ಬರೋದ ಪುಸ್ತಕ ವ್ಯಾಪಾರಿ ಅಲೆಕ್ಸಾಂಡರ್ ಡೊನಾಲ್ಡ್‌ಸನ್ ಪ್ರಕರಣದಲ್ಲಿ ಬ್ರಿಟನ್ನಿನ ಸಂಸತ್ತಿನ ಮೇಲ್ಮನೆಯೂ ಆಗ ಅಲ್ಲಿನ ಅಂತಿಮ ನ್ಯಾಯಪೀಠವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ಆ ವಾದವನ್ನು ತಳ್ಳಿಹಾಕಿತು. ಸಾರ್ವಜನಿಕ ಸ್ವತ್ತು ಎಂದು ಇವತ್ತು ನಾವು ಕರೆಯುವುದಕ್ಕೆ ಗಟ್ಟಿ ನೆಲೆ ಸಿಕ್ಕಿದ್ದು ಆ ತೀರ್ಪಿನಿಂದ.

ಆ ಕಾನೂನು ಯಾರನ್ನು ಉದ್ದೇಶಿಸಿತ್ತು ಎಂಬುದನ್ನು ಗಮನಿಸಬೇಕು. ಅಚ್ಚುಮೊಳೆ, ಕಾಗದ, ಗೋದಾಮು ಇದ್ದ ಕೆಲವೇ ಜನ. ಓದುಗರು ಅದರ ಸುದ್ದಿಯಲ್ಲೇ ಇರಲಿಲ್ಲ. ಕೊಂಡ ಪುಸ್ತಕವನ್ನು ನೂರು ಸಲ ಓದಿ, ಹತ್ತು ಜನಕ್ಕೆ ಎರವಲು ಕೊಡಿ, ಹಳತಾದ ಮೇಲೆ ಮಾರಿ, ಮಕ್ಕಳಿಗೆ ಗಟ್ಟಿಯಾಗಿ ಓದಿ ಹೇಳಿ, ಯಾವುದಕ್ಕೂ ಯಾರನ್ನೂ ಕೇಳಬೇಕಿರಲಿಲ್ಲ. ಏಕೆಂದರೆ ಇದಾವುದರಲ್ಲೂ ಹೊಸ ಪ್ರತಿ ಹುಟ್ಟುತ್ತಿರಲಿಲ್ಲ, ಕಾನೂನು ಕಾಯುತ್ತಿದ್ದುದು ಪ್ರತಿಯನ್ನು ಮಾತ್ರ.

ಕಂಪ್ಯೂಟರು ಬಂದು ಈ ಏರ್ಪಾಡನ್ನೇ ತಲೆಕೆಳಗು ಮಾಡಿತು. ಅಲ್ಲಿ ಪ್ರತಿ ಮಾಡದೆ ಏನನ್ನೂ ಮಾಡಲಾಗದು. ಪುಟ ತೆರೆದರೆ ಒಂದು ಪ್ರತಿ, ಹಾಡು ಕೇಳಿದರೆ ಒಂದು ಪ್ರತಿ, ಗೆಳತಿಗೆ ಕಳಿಸಿದರೆ ಇನ್ನೊಂದು. ಅಚ್ಚುಕೂಟಗಳಿಗೆಂದು ಬರೆದ ನಿಯಮ ಹೀಗೆ ಒಬ್ಬರೂ ಬಿಡದಂತೆ ಓದುಗರ, ಕೇಳುಗರ ಮೇಲೆ ಬಂದು ಕೂತಿತು. ಯಾವ ಸಂಸತ್ತೂ ಚರ್ಚಿಸಿ ಹೀಗಾಗಲಿ ಎಂದು ತೀರ್ಮಾನಿಸಿದ್ದಲ್ಲ. ಯಂತ್ರ ಕೆಲಸ ಮಾಡುವ ರೀತಿಯಿಂದಲೇ ಆಗಿಹೋಯಿತು. ಅಮೆರಿಕದ ಕಾನೂನು ಪ್ರಾಧ್ಯಾಪಕ ಲಾರೆನ್ಸ್ ಲೆಸಿಗ್ ಇದನ್ನು ಎರಡು ದಶಕದ ಹಿಂದೆಯೇ ಒತ್ತಿ ಹೇಳಿದರು. ಈ ವಿಷಯದಲ್ಲಿ ಅವರ ಅತಿ ದೊಡ್ಡ ಕೊಡುಗೆ ಇದೇ ಎಂದು ನನ್ನ ಎಣಿಕೆ.

ಎಂಪಿ3 ಎಂಬ, ಧ್ವನಿಯನ್ನು ಕುಗ್ಗಿಸಿಡುವ ವಿಧಾನ ಹಾಡಿನ ಫೈಲನ್ನು ಸೀಡಿಯಲ್ಲಿದ್ದ ಗಾತ್ರದ ಸುಮಾರು ಹತ್ತನೇ ಒಂದು ಭಾಗಕ್ಕೆ ಇಳಿಸಿತ್ತು. 1999ರಲ್ಲಿ ಹದಿನೆಂಟು ವರ್ಷದ ಶಾನ್ ಫ್ಯಾನಿಂಗ್, ಹಾಡಿನ ಫೈಲುಗಳನ್ನು ಪರಸ್ಪರ ಹಂಚಿಕೊಳ್ಳುವ ನ್ಯಾಪ್‌ಸ್ಟರ್ ಸೇವೆಯನ್ನು ಬಿಡುಗಡೆ ಮಾಡಿದ. ಹಾಡುಗಳು ಬಳಸುವವರ ಕಂಪ್ಯೂಟರುಗಳಲ್ಲೇ ಇರುತ್ತಿದ್ದವು. ಯಾರ ಬಳಿ ಯಾವ ಹಾಡಿದೆ ಎಂಬ ಪಟ್ಟಿ ಮಾತ್ರ ನ್ಯಾಪ್‌ಸ್ಟರ್ ಬಳಿ. ಧ್ವನಿಮುದ್ರಣ ಕಂಪನಿಗಳು ಹೂಡಿದ ದಾವೆಯಲ್ಲಿ ಆ ಪಟ್ಟಿಯೇ ಅದಕ್ಕೆ ಮುಳುವಾಗಿ 2001ರಲ್ಲಿ ಮುಚ್ಚಿತು. ಅದೇ ವರ್ಷ ಬ್ರ್ಯಾಮ್ ಕೋಹೆನ್ ಬಿಟ್‌ಟೊರೆಂಟ್ ತಂದರು. ಅದರಲ್ಲಿ ಫೈಲು ನೂರಾರು ಚೂರುಗಳಾಗುತ್ತದೆ, ಇಳಿಸಿಕೊಳ್ಳುತ್ತಿರುವವರೇ ತಮಗೆ ಸಿಕ್ಕ ಚೂರುಗಳನ್ನು ಉಳಿದವರಿಗೆ ಕೊಡುತ್ತ ಹೋಗುತ್ತಾರೆ. ತಂತ್ರಜ್ಞಾನವಾಗಿ ಇದು ಬಹಳ ಸೊಗಸು, ದೊಡ್ಡ ತಂತ್ರಾಂಶಗಳನ್ನು ಕಾನೂನುಬದ್ಧವಾಗಿ ಹಂಚಲು ಇವತ್ತೂ ಬಳಕೆಯಲ್ಲಿದೆ. ಆದರೆ ನಿಮ್ಮ ವಿಷಯದಲ್ಲಿ ಇದಕ್ಕೊಂದು ಅರ್ಥವಿದೆ: ಓದುವ ದಿನಗಳಲ್ಲಿ ನೀವು ಬರೀ ಕೇಳುಗರಾಗಿರಲಿಲ್ಲ. ಟೊರೆಂಟ್ ತೆರೆದ ಪ್ರತಿ ಸಲವೂ ನಿಮಗೆ ಗೊತ್ತಿಲ್ಲದಂತೆಯೇ ವಿತರಕರಾಗಿದ್ದಿರಿ. ಬಹುತೇಕ ದೇಶಗಳ ಕಾನೂನು ಆ ಎರಡನೆಯ ಪಾತ್ರವನ್ನೇ ಹೆಚ್ಚು ಗಂಭೀರವಾಗಿ ನೋಡುತ್ತದೆ.

ಅದು ಕಳ್ಳತನವೇ ಎಂದು ಕೇಳಿದ್ದೀರಿ. ಕಾನೂನಿನ ಭಾಷೆಯಲ್ಲಿ, ಇಲ್ಲ. 1985ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಅನುಮತಿಯಿಲ್ಲದೆ ತಯಾರಿಸಿದ ಧ್ವನಿಮುದ್ರಿಕೆಗಳನ್ನು ರಾಜ್ಯದಿಂದ ರಾಜ್ಯಕ್ಕೆ ಸಾಗಿಸಿದವನೊಬ್ಬನ ಪ್ರಕರಣದಲ್ಲಿ, ಹಕ್ಕುಸ್ವಾಮ್ಯದ ಉಲ್ಲಂಘನೆಯನ್ನು ಕದ್ದ ಮಾಲಿನ ಕಾನೂನಿಗೆ ಹೊಂದಿಸಲಾಗದು ಎಂದಿತು. ಸೈಕಲ್ ಕದ್ದರೆ ಒಡೆಯನ ಬಳಿ ಸೈಕಲ್ ಇರುವುದಿಲ್ಲ. ಹಾಡನ್ನು ನಕಲು ಮಾಡಿದರೆ ಅದು ಇಬ್ಬರ ಬಳಿಯೂ ಇರುತ್ತದೆ. ಹಾಗೆಂದು ಅದು ಏನೂ ಅಲ್ಲ ಎನ್ನುವವರ ಜೊತೆಗೂ ನಾನು ನಿಲ್ಲಲಾರೆ. ಒಬ್ಬರ ದುಡಿಮೆಯ ಫಲವನ್ನು ಅವರು ಕೇಳಿದ ಬೆಲೆ ಕೊಡದೆ ಪಡೆದಾಗ ಅವರಿಗೆ ಒಂದು ಹಾನಿ ಆಗುತ್ತದೆ, ಕೆಲವು ಸಲ ಚಿಕ್ಕದು, ಕೆಲವು ಸಲ ಬದುಕನ್ನೇ ಅಲುಗಿಸುವಂಥದ್ದು. ಆ ಹಾನಿಗೆ ಉಲ್ಲಂಘನೆ ಎಂಬ ಅದರದೇ ಹೆಸರಿದೆ. ಕಳ್ಳತನ ಎಂಬ ಪದ ತಂದಾಗ ಶಿಕ್ಷೆಯ ಅಳತೆ ತಪ್ಪಿಹೋಗುತ್ತದೆ.

ತಪ್ಪಿಯೂ ಹೋಯಿತು. 2003ರ ಸೆಪ್ಟೆಂಬರಿನಲ್ಲಿ ಅಮೆರಿಕದ ಧ್ವನಿಮುದ್ರಣ ಉದ್ಯಮ ಒಂದೇ ದಿನ 261 ಸಾಮಾನ್ಯ ಬಳಕೆದಾರರ ಮೇಲೆ ದಾವೆ ಹೂಡಿತು. ಐದು ವರ್ಷದಲ್ಲಿ ಅಂಥ ಪ್ರಕರಣಗಳು ಸಾವಿರಾರು ಆದವು. ಅಲ್ಲಿನ ಕಾಯ್ದೆಯ ಪ್ರಕಾರ ಬೇಕೆಂದೇ ಮಾಡಿದ ಉಲ್ಲಂಘನೆಗೆ ಕೃತಿಯೊಂದಕ್ಕೆ 1,50,000 ಡಾಲರ್‌ವರೆಗೆ ಪರಿಹಾರ ವಿಧಿಸಬಹುದು. ಒಬ್ಬ ಮಹಿಳೆಗೆ 24 ಹಾಡುಗಳನ್ನು ಹಂಚಿದ್ದಕ್ಕಾಗಿ 2009ರಲ್ಲಿ ಜ್ಯೂರಿ 19,20,000 ಡಾಲರ್ ದಂಡ ಹಾಕಿತು. ಹಲವು ಸುತ್ತು ವಿಚಾರಣೆ, ಮೇಲ್ಮನವಿಯ ನಂತರ ಕೊನೆಗೆ ಉಳಿದದ್ದು 2,22,000 ಡಾಲರ್. ಆ ಅಂಕಿಗಳನ್ನು ಮೊದಲ ಸಲ ಓದಿದಾಗ ನನಗಾದ ಕಳವಳ ಇನ್ನೂ ನೆನಪಿದೆ. ಪೈಪೋಟಿಗಿಳಿದ ಮುದ್ರಕನನ್ನು ಹೆದರಿಸಲು ಮಾಡಿದ ಅಸ್ತ್ರವನ್ನು ಹಾಡು ಕೇಳುವವರ ಮೇಲೆ ಬಿಟ್ಟರೆ ಹೀಗೇ ಆಗುತ್ತದೆ. ಇಷ್ಟಾಗಿಯೂ ಫೈಲ್ ಹಂಚಿಕೆ ನಿಲ್ಲಲಿಲ್ಲ. 2008ರ ಕೊನೆಗೆ ಆ ಉದ್ಯಮವೇ ಸಾಮೂಹಿಕ ದಾವೆಗಳನ್ನು ಕೈಬಿಟ್ಟಿತು.

ದುಡ್ಡಿನ ಲೆಕ್ಕಕ್ಕೆ ಬಂದರೆ, ಹಾನಿ ಆದದ್ದು ನಿಜ. ಅಮೆರಿಕದಲ್ಲಿ ಧ್ವನಿಮುದ್ರಿತ ಸಂಗೀತದ ವಾರ್ಷಿಕ ಆದಾಯ 1999ರಲ್ಲಿ ಸುಮಾರು 1,460 ಕೋಟಿ ಡಾಲರ್ ಇದ್ದದ್ದು ಒಂದೂವರೆ ದಶಕದಲ್ಲಿ ಅರ್ಧಕ್ಕಿಂತ ಕೆಳಗಿಳಿಯಿತು. ಇದರಲ್ಲಿ ಫೈಲ್ ಹಂಚಿಕೆಯ ಪಾಲೆಷ್ಟು, ಇಡೀ ಆಲ್ಬಂ ಬದಲು ಬೇಕಾದ ಒಂದೇ ಹಾಡು ಕೊಳ್ಳುವ ಅನುಕೂಲದ ಪಾಲೆಷ್ಟು ಎಂಬುದರಲ್ಲಿ ಅರ್ಥಶಾಸ್ತ್ರಜ್ಞರು ಒಂದಾಗಿಲ್ಲ. ಆದರೆ ಆದಾಯ ಕುಸಿದರೆ ಹೊಸ ಸಂಗೀತವೂ ಬತ್ತುತ್ತದೆ ಎಂಬ ಭಯ ನಿಜವಾಗಲಿಲ್ಲ. ಅರ್ಥಶಾಸ್ತ್ರಜ್ಞ ಜೋಯೆಲ್ ವಾಲ್ಡ್‌ಫೋಗೆಲ್ ವಿಮರ್ಶಕರ ಪಟ್ಟಿಗಳು, ಮಾರಾಟ, ರೇಡಿಯೊ ಪ್ರಸಾರದ ಮಾಹಿತಿಯನ್ನು ಒರೆಗೆ ಹಚ್ಚಿ, ನ್ಯಾಪ್‌ಸ್ಟರ್ ನಂತರ ಹೊಸ ಸಂಗೀತದ ಗುಣಮಟ್ಟ ಇಳಿದ ಸುಳಿವಿಲ್ಲ ಎಂದು ತೋರಿಸಿದರು. ಕಾರಣ ನಿಮಗೇ ಗೊತ್ತು. ನಿಮ್ಮ ತುಣುಕನ್ನು ನೀವು ಮಾಡಿದ್ದು ಒಂದು ಲ್ಯಾಪ್‌ಟಾಪಿನಲ್ಲಿರಬೇಕು. ಒಂದು ತಲೆಮಾರಿನ ಹಿಂದೆ ಅದಕ್ಕೆ ಸ್ಟುಡಿಯೊ ಬಾಡಿಗೆ, ಟೇಪು, ತಂತ್ರಜ್ಞರು, ವಿತರಕರು ಎಲ್ಲ ಬೇಕಿತ್ತು. ಗಳಿಕೆಯನ್ನು ಕುಗ್ಗಿಸಿದ ತಂತ್ರಜ್ಞಾನವೇ ಖರ್ಚನ್ನೂ ಕುಗ್ಗಿಸಿತು.

ಇಲ್ಲಿ ಒಂದು ಮಾತನ್ನು ನಾನು ಹೇಳಲೇಬೇಕು, ಏಕೆಂದರೆ ಈ ಚರ್ಚೆಯಲ್ಲಿ ಇದನ್ನು ಆಡುವವರು ಕಡಿಮೆ. ‘ನಕಲು ಮಾಡಿದರೆ ಕಲಾವಿದನ ಹೊಟ್ಟೆಯ ಮೇಲೆ ಹೊಡೆದಂತೆ’ ಎಂದು ಜಾಹೀರಾತು ಕೊಡುವವರು ಬಹಳ ಸಲ ಕಲಾವಿದರಲ್ಲ, ಕಲಾವಿದರಿಂದ ಹಕ್ಕು ಬರೆಸಿಕೊಂಡವರು. ವೃತ್ತಿಯ ಆರಂಭದಲ್ಲಿ ಒಬ್ಬ ಹಿರಿಯ ಗೀತರಚನಕಾರರು ನನ್ನ ಬಳಿ ಒಂದು ಹಳದಿಗಟ್ಟಿದ ಕಾಗದ ತಂದಿದ್ದರು. ‘ಈಗ ಇರುವ ಮತ್ತು ಮುಂದೆ ಬರಬಹುದಾದ ಎಲ್ಲ ಮಾಧ್ಯಮಗಳಲ್ಲಿ, ಶಾಶ್ವತವಾಗಿ’ ಎಂಬ ಸಾಲಿನ ಕೆಳಗೆ ಅವರ ಸಹಿ. ಒಂದೇ ಕಂತಿನಲ್ಲಿ ಸಣ್ಣ ಮೊತ್ತ ಕೊಟ್ಟು ಮುಗಿಸಿದ್ದರು. ಅವರ ಹಾಡನ್ನು ಲಕ್ಷ ಜನ ದುಡ್ಡು ಕೊಟ್ಟೇ ಕೇಳಿದರೂ ಅವರಿಗೆ ಒಂದು ಪೈಸೆ ಹೋಗುತ್ತಿರಲಿಲ್ಲ. ಹಕ್ಕುಸ್ವಾಮ್ಯ ಅಲ್ಲಿ ಪೂರ್ತಿ ಜೀವಂತವಾಗಿತ್ತು, ಬೇರೆಯವರ ಕೈಯಲ್ಲಿ. ಇಂಥ ಅನ್ಯಾಯ ಸರಿಪಡಿಸುವ ಪ್ರಯತ್ನಗಳು ನಡೆದಿವೆ. ಅಮೆರಿಕದ 1976ರ ಕಾಯ್ದೆ, ಬರೆದುಕೊಟ್ಟ ಹಕ್ಕನ್ನು ಸಾಮಾನ್ಯವಾಗಿ 35 ವರ್ಷಗಳ ನಂತರ ವಾಪಸು ಪಡೆಯುವ ಅವಕಾಶವನ್ನು ಕರ್ತೃವಿಗೆ ಇಟ್ಟಿತು. ಭಾರತದ 2012ರ ತಿದ್ದುಪಡಿಯ ಪ್ರಕಾರ, ಚಲನಚಿತ್ರದ ಗೀತರಚನಕಾರರು ಮತ್ತು ಸಂಯೋಜಕರು ಚಿತ್ರಮಂದಿರದಾಚೆಗಿನ ಬಳಕೆಗಳಿಂದ ಬರುವ ರಾಯಧನದಲ್ಲಿ ತಮಗಿರುವ ಸಮಪಾಲನ್ನು ಬರೆದುಕೊಟ್ಟರೂ ಅದು ಹೋಗುವುದಿಲ್ಲ. ಕಲಾವಿದರು ಹೇಗೆ ಬದುಕಬೇಕು ಎಂದು ಕೇಳುವವರು ಟೊರೆಂಟ್ ಬಗ್ಗೆ ಮಾತಾಡಿದಷ್ಟೇ ಒಪ್ಪಂದಪತ್ರಗಳ ಬಗ್ಗೆಯೂ ಮಾತಾಡಬೇಕು ಎಂಬುದು ನನ್ನ ಗಟ್ಟಿ ನಿಲುವು.

ಅನುಮತಿ ಮತ್ತು ದುಡ್ಡನ್ನು ಬೇರೆ ಮಾಡಲು ಬರುತ್ತದೆ ಎಂಬುದಕ್ಕೆ ನೂರು ವರ್ಷಕ್ಕೂ ಹಳೆಯ ಪುರಾವೆ ಇದೆ. ಇಪ್ಪತ್ತನೇ ಶತಮಾನದ ಮೊದಲ ವರ್ಷಗಳಲ್ಲಿ ತಾನೇ ನುಡಿಯುವ ಪಿಯಾನೊಗಳು ಜನಪ್ರಿಯವಾದವು. ರಂಧ್ರ ಕೊರೆದ ಕಾಗದದ ಸುರುಳಿ ಹಾಕಿದರೆ ರಾಗ ಬರುತ್ತಿತ್ತು. 1906ರಲ್ಲಿ ಸಂಯೋಜಕ ಜಾನ್ ಫಿಲಿಪ್ ಸೂಸಾ ಅಮೆರಿಕದ ಕಾಂಗ್ರೆಸ್ಸಿನ ಮುಂದೆ ನಿಂತು, ಈ ಯಂತ್ರಗಳು ಸಂಗೀತವನ್ನೇ ಹಾಳು ಮಾಡುತ್ತವೆ, ಜನ ಹಾಡುವುದನ್ನು ಮರೆಯುತ್ತಾರೆ ಎಂದು ಅಂಗಲಾಚಿದರು. 1908ರಲ್ಲಿ ಸುಪ್ರೀಂ ಕೋರ್ಟ್, ಆ ಸುರುಳಿಯನ್ನು ಕಣ್ಣಿನಿಂದ ಓದಲಾಗದ ಕಾರಣ ಅದು ಸ್ವರಲಿಪಿಯ ಪ್ರತಿಯೇ ಅಲ್ಲ ಎಂದು ತೀರ್ಪು ಕೊಟ್ಟಿತು. ಸಂಯೋಜಕರಿಗೆ ಏನೂ ಸಿಗದಂತಾಯಿತು. ಮರುವರ್ಷ ಬಂದ ಕಾಯ್ದೆ ನಡುವಿನ ದಾರಿ ಹಿಡಿಯಿತು: ಸಂಯೋಜಕರು ಒಮ್ಮೆ ಒಬ್ಬರಿಗೆ ಯಾಂತ್ರಿಕ ಮುದ್ರಣಕ್ಕೆ ಒಪ್ಪಿಗೆ ಕೊಟ್ಟ ಮೇಲೆ ಬೇರೆ ಯಾರು ಬೇಕಾದರೂ ಕೇಳದೆಯೇ ಮುದ್ರಿಸಬಹುದು, ಆದರೆ ಪ್ರತಿಯೊಂದಕ್ಕೆ 2 ಸೆಂಟ್ ಕೊಡಲೇಬೇಕು. ಬೇರೆಯವರ ಹಾಡನ್ನು ಹೊಸಬರು ತಮ್ಮ ಶೈಲಿಯಲ್ಲಿ ಹಾಡಿ ಮುದ್ರಿಸುವ ಪರಂಪರೆ ಅಲ್ಲಿ ಅಷ್ಟು ಸಮೃದ್ಧವಾಗಿ ಬೆಳೆದದ್ದಕ್ಕೆ ಈ ನಿಯಮದ ಋಣವಿದೆ.

ಮುಂದೆ ಟಿವಿ ಕಾರ್ಯಕ್ರಮಗಳನ್ನು ಮನೆಯಲ್ಲೇ ಮುದ್ರಿಸಿಕೊಳ್ಳುವ ವಿಸಿಆರ್ ಯಂತ್ರ ಬಂದಾಗಲೂ ಚಿತ್ರ ನಿರ್ಮಾಣ ಸಂಸ್ಥೆಗಳು ಸುಪ್ರೀಂ ಕೋರ್ಟಿನವರೆಗೆ ಹೋಗಿ 1984ರಲ್ಲಿ 5-4ರ ಅಂತರದಲ್ಲಿ ಸೋತವು. ಕೆಲವೇ ವರ್ಷಗಳಲ್ಲಿ ವಿಡಿಯೊ ಕ್ಯಾಸೆಟ್ಟುಗಳೇ ಅವರ ದೊಡ್ಡ ಆದಾಯವಾದವು. 2003ರಲ್ಲಿ ಐಟ್ಯೂನ್ಸ್ ಅಂಗಡಿ ಹಾಡಿಗೆ 99 ಸೆಂಟ್‌ನಂತೆ ಮಾರತೊಡಗಿ ಮೊದಲ ವಾರದಲ್ಲೇ 10 ಲಕ್ಷ ಹಾಡು ಮಾರಿತು. ಪುಕ್ಕಟೆ ಸಿಗುವುದೇ ಮುಖ್ಯವಾಗಿದ್ದರೆ ಇದು ಆಗುತ್ತಿರಲಿಲ್ಲ. ಬೇಕಾದ ಹಾಡು ಬೇಕಾದಾಗ ಸುಲಭವಾಗಿ ಸಿಗುವುದು ಜನಕ್ಕೆ ಮುಖ್ಯವಾಗಿತ್ತು.

ಈಗಿನ ಸ್ಟ್ರೀಮಿಂಗ್ ಸೇವೆಗಳು ಆ ಸುಲಭವನ್ನು ಪೂರ್ತಿ ಮಾಡಿವೆ, ಹಂಚಿಕೆಯ ನ್ಯಾಯವನ್ನು ಮಾಡಿಲ್ಲ. ಬಹುಪಾಲು ಸೇವೆಗಳಲ್ಲಿ ಎಲ್ಲರ ಚಂದಾ ಒಂದೇ ಹುಂಡಿಗೆ ಬೀಳುತ್ತದೆ. ಹಕ್ಕುದಾರರ ಪಾಲನ್ನು ಒಟ್ಟು ಎಷ್ಟು ಸಲ ಕೇಳಲಾಯಿತು ಎಂಬ ಪ್ರಮಾಣದಲ್ಲಿ ಹಂಚುತ್ತಾರೆ. ಹೀಗಾಗಿ ನೀವು ತಿಂಗಳಿಡೀ ಒಬ್ಬರೇ ಅಪರೂಪದ ಗಾಯಕರನ್ನು ಕೇಳಿದರೂ ನಿಮ್ಮ ಚಂದಾದ ಹೆಚ್ಚಿನ ಭಾಗ ನೀವು ಕೇಳದ ಜನಪ್ರಿಯರಿಗೆ ಹೋಗುತ್ತದೆ. ಕೇಳುಗರೊಬ್ಬರ ಹಣ ಅವರು ಕೇಳಿದವರಿಗೇ ಹೋಗುವ ವಿಧಾನವನ್ನು ಸೌಂಡ್‌ಕ್ಲೌಡ್ ಎಂಬ ಸ್ಟ್ರೀಮಿಂಗ್ ತಾಣ 2021ರಲ್ಲಿ ಸ್ವತಂತ್ರ ಕಲಾವಿದರಿಗಾಗಿ ಶುರು ಮಾಡಿತು. ನಾನು ಇದರ ಪರ.

ಈಗ ನಿಮ್ಮ ನಲವತ್ತು ಸೆಕೆಂಡು. ಹೊಸದು ಹಳೆಯದರಿಂದಲೇ ಹುಟ್ಟುತ್ತದೆ, ಕಾನೂನಿಗೂ ಅದು ಗೊತ್ತು. ಅದಕ್ಕೇ ಅದು ಕಲ್ಪನೆಯನ್ನು ಕಾಯುವುದಿಲ್ಲ, ಅದಕ್ಕೆ ಕೊಟ್ಟ ರೂಪವನ್ನು ಮಾತ್ರ ಕಾಯುತ್ತದೆ. ನಿಮ್ಮ ತುಣುಕಿನ ಭಾವ, ವಾದ್ಯಗಳ ಆಯ್ಕೆ, ಲಯದ ಓಟ ಇವನ್ನು ಅನುಸರಿಸಿ ಅವರು ತಮ್ಮದೇ ಬೇರೊಂದನ್ನು ಕಟ್ಟಿದ್ದರೆ ನಾನು ನಿಮಗೆ ಸುಮ್ಮನಿರಿ ಎನ್ನುತ್ತಿದ್ದೆ. ಆದರೆ ಅವರು ನಿಮ್ಮ ಧ್ವನಿಮುದ್ರಣವನ್ನೇ ಎತ್ತಿದ್ದಾರೆ. ಒಂದು ಹಾಡಿನಲ್ಲಿ ಎರಡು ಹಕ್ಕುಗಳಿರುತ್ತವೆ, ಸಂಯೋಜನೆಯದು ಒಂದು, ಆ ನಿರ್ದಿಷ್ಟ ಮುದ್ರಣದ್ದು ಇನ್ನೊಂದು. ನಿಮ್ಮ ವಿಷಯದಲ್ಲಿ ಎರಡೂ ನಿಮ್ಮವೇ, ಎರಡನ್ನೂ ಬಳಸಲಾಗಿದೆ.

ಚಿಕ್ಕ ತುಣುಕುಗಳ ಬಗ್ಗೆ ನ್ಯಾಯಾಲಯಗಳು ಗೊಂದಲದಲ್ಲೇ ಇವೆ. 2005ರಲ್ಲಿ ಅಮೆರಿಕದ ಒಂದು ಮೇಲ್ಮನವಿ ನ್ಯಾಯಾಲಯ ಎರಡು ಸೆಕೆಂಡಿನ ಗಿಟಾರ್ ತುಣುಕಿಗೂ ಪರವಾನಗಿ ಬೇಕು ಎಂದಿತು. 2016ರಲ್ಲಿ ಅಲ್ಲಿನದೇ ಇನ್ನೊಂದು ನ್ಯಾಯಾಲಯ ಅದನ್ನು ಒಪ್ಪಲಿಲ್ಲ. 2019ರಲ್ಲಿ ಯುರೋಪಿನ ನ್ಯಾಯಾಲಯ, ಕಿವಿಗೆ ಗುರುತು ಸಿಗದಷ್ಟು ಬದಲಾಯಿಸಿದ್ದರೆ ಅನುಮತಿ ಬೇಡ, ಗುರುತು ಸಿಗುವಂತಿದ್ದರೆ ಬೇಕು ಎಂದಿತು. ಈ ಮೂರರಲ್ಲಿ ನನಗೆ ಕೊನೆಯದು ಹೆಚ್ಚು ಸರಿ ಕಾಣುತ್ತದೆ, ಏಕೆಂದರೆ ಅದು ಗಡಿಯಾರ ನೋಡದೆ ಕಿವಿಯನ್ನು ನಂಬುತ್ತದೆ. ನ್ಯಾಯಯುತ ಬಳಕೆ ಎಂಬ ವಿನಾಯಿತಿಯೂ ಇದೆ. ಕೆಲವು ದೇಶಗಳಲ್ಲಿ ಬಳಕೆಯ ಉದ್ದೇಶ, ತೆಗೆದುಕೊಂಡ ಪ್ರಮಾಣ, ಮೂಲದ ಮಾರುಕಟ್ಟೆಗೆ ಆಗುವ ಪೆಟ್ಟು ಇವುಗಳನ್ನು ತೂಗಿ ನೋಡುತ್ತಾರೆ. ಭಾರತದಂಥ ದೇಶಗಳಲ್ಲಿ ಖಾಸಗಿ ಅಧ್ಯಯನ, ವಿಮರ್ಶೆ, ವರದಿ ಎಂದು ಉದ್ದೇಶಗಳನ್ನೇ ಪಟ್ಟಿ ಮಾಡಿದ್ದಾರೆ. ನಲವತ್ತು ಸೆಕೆಂಡು ಗುರುತು ಸಿಗುವಂತೆ, ಹೆಸರಿಲ್ಲದೆ ಬಂದಿರುವಾಗ ಆ ವಿನಾಯಿತಿ ಅವರ ಕೈ ಹಿಡಿಯುವುದು ಕಷ್ಟ.

ಆದರೂ ತಕ್ಷಣ ತೆಗೆಸಿಹಾಕಬೇಡಿ. ಅಮೆರಿಕದ 1998ರ ಕಾಯ್ದೆ ಜಾಲತಾಣಗಳಿಗೆ ಒಂದು ವ್ಯವಸ್ಥೆ ಮಾಡಿತು: ಹಕ್ಕುದಾರರು ದೂರು ಕಳಿಸಿದರೆ ತಾಣ ಅದನ್ನು ಬೇಗ ತೆಗೆಯಬೇಕು, ಆಗ ತಾಣದ ಮೇಲೆ ಹೊಣೆ ಬರುವುದಿಲ್ಲ. ಇದು ಎಷ್ಟು ಸುಲಭವೆಂದರೆ ದುರ್ಬಳಕೆಯೂ ಅಷ್ಟೇ ಸುಲಭ. ಅಡುಗೆಮನೆಯಲ್ಲಿ ಮಗು ಕುಣಿಯುವ 29 ಸೆಕೆಂಡಿನ ವಿಡಿಯೊ ಒಂದನ್ನು, ಹಿನ್ನೆಲೆಯಲ್ಲಿ ಹಾಡು ಅಸ್ಪಷ್ಟವಾಗಿ ಕೇಳುತ್ತಿತ್ತೆಂದು, 2007ರಲ್ಲಿ ತೆಗೆಸಲಾಯಿತು. ತಾಯಿ ನ್ಯಾಯಾಲಯಕ್ಕೆ ಹೋದರು. ದೂರು ಕಳಿಸುವ ಮೊದಲು ಇದು ನ್ಯಾಯಯುತ ಬಳಕೆಯೇ ಎಂದು ಯೋಚಿಸುವುದು ಕಡ್ಡಾಯ ಎಂದು 2015ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿತು. ಯೂಟ್ಯೂಬ್ 2007ರಿಂದ ಬಳಸುತ್ತಿರುವ ಕಂಟೆಂಟ್ ಐಡಿ ಎಂಬ ಸ್ವಯಂಚಾಲಿತ ಪತ್ತೆ ವ್ಯವಸ್ಥೆಯಂತೂ ಹೋಲಿಕೆಯನ್ನು ಹಿಡಿಯುತ್ತದೆ, ಉದ್ದೇಶವನ್ನು ಅರಿಯಲಾರದು. ವಿಮರ್ಶೆಗೂ ಕದಿಯುವುದಕ್ಕೂ ಅದರ ಕಣ್ಣಲ್ಲಿ ವ್ಯತ್ಯಾಸವಿಲ್ಲ.

ಬದಲಿಗೆ ಅವರಿಗೆ ಒಂದು ಪತ್ರ ಬರೆಯಿರಿ. ಬೆದರಿಕೆ ಬೇಡ. ಮೂಲ ತುಣುಕಿನ ಕೊಂಡಿ, ಹಾಕಿದ ದಿನಾಂಕ, ಯಾವ ಸೆಕೆಂಡಿನಿಂದ ಯಾವ ಸೆಕೆಂಡಿನವರೆಗೆ ಎಂಬ ವಿವರ ಕೊಡಿ. ನಿಮಗೇನು ಬೇಕೆಂದು ಒಂದೇ ವಾಕ್ಯದಲ್ಲಿ ಹೇಳಿ: ವಿವರಣೆಯ ಮೊದಲ ಸಾಲಿನಲ್ಲಿ ಸಂಯೋಜಕರ ಹೆಸರು ಮತ್ತು ಮೂಲದ ಕೊಂಡಿ. ಆ ಹಾಡಿನಿಂದ ಅವರಿಗೆ ಹಣ ಬರುತ್ತಿದ್ದರೆ ಪಾಲಿನ ಬಗ್ಗೆ ಮಾತಾಡೋಣ ಎಂದೂ ಸೇರಿಸಬಹುದು. ಬರೆಯುವ ಮೊದಲು ಆ ಪುಟಗಳ ಚಿತ್ರ ತೆಗೆದಿಡಿ; ನಿಮ್ಮ ಮೂಲ ಪ್ರಾಜೆಕ್ಟ್ ಫೈಲುಗಳನ್ನು ದಿನಾಂಕ ಕೆಡದಂತೆ ಇನ್ನೊಂದು ಕಡೆ ಪ್ರತಿ ಮಾಡಿಡಿ. ಬರ್ನ್ ಒಪ್ಪಂದಕ್ಕೆ ಸೇರಿದ ದೇಶಗಳಲ್ಲಿ ಹಕ್ಕು ಹುಟ್ಟಲು ನೋಂದಣಿ ಬೇಕಿಲ್ಲ, ರಚಿಸಿದ ಕ್ಷಣದಿಂದಲೇ ಅದು ನಿಮ್ಮದು. ವಿವಾದ ಬಂದಾಗ ರುಜುವಾತಿಗೆ ಮಾತ್ರ ಇವೆಲ್ಲ ಬೇಕು. ನಾನು ಕಂಡಂತೆ ಹೀಗೆ ಬರೆದಾಗ ಹೆಚ್ಚಿನವರು ಹೆಸರು ಸೇರಿಸುತ್ತಾರೆ. ಅನೇಕರು ಕೆಟ್ಟ ಮನಸ್ಸಿನಿಂದ ಬಿಟ್ಟಿರುವುದಿಲ್ಲ. ತುಣುಕು ಅವರಿಗೆ ತಲುಪುವಷ್ಟರಲ್ಲೇ ಹೆಸರು ಉದುರಿಹೋಗಿರುತ್ತದೆ. ಎರಡು ವಾರದಲ್ಲಿ ಉತ್ತರ ಬರದಿದ್ದರೆ ಆಗ ತಾಣಕ್ಕೆ ದೂರು ಕೊಡಿ.

ಮುಂದಿನ ತುಣುಕುಗಳಿಗೆ ಇನ್ನೊಂದು ದಾರಿಯಿದೆ. ರಿಚರ್ಡ್ ಸ್ಟಾಲ್‌ಮನ್ 1980ರ ದಶಕದಲ್ಲಿ ತಂತ್ರಾಂಶಕ್ಕಾಗಿ ಒಂದು ಉಪಾಯ ಹೂಡಿದರು: ಹಕ್ಕುಸ್ವಾಮ್ಯವನ್ನು ಬಿಟ್ಟುಕೊಡದೆ, ಅದರ ಬಲದಿಂದಲೇ ಎಲ್ಲರಿಗೂ ಬಳಸುವ, ಬದಲಿಸುವ, ಹಂಚುವ ಅನುಮತಿ ಕೊಡುವುದು. ಲೆಸಿಗ್ ಮತ್ತು ಜೊತೆಗಾರರು 2001ರಲ್ಲಿ ಕಟ್ಟಿದ ಕ್ರಿಯೇಟಿವ್ ಕಾಮನ್ಸ್ ಸಂಸ್ಥೆ ಅದನ್ನು ಬರಹ, ಸಂಗೀತ, ಚಿತ್ರಗಳಿಗೆ ತಂದಿತು. 2002ರ ಡಿಸೆಂಬರಿನಲ್ಲಿ ಮೊದಲ ಪರವಾನಗಿಗಳು ಬಂದವು, ವಿಕಿಪೀಡಿಯ 2009ರಲ್ಲಿ ಅದಕ್ಕೆ ಬದಲಾಯಿತು. ನಾನು ಮೊದಲು ಹೇಳಿದ ಮೂರು ಲೆಕ್ಕಗಳನ್ನು ಇಷ್ಟು ಸ್ಪಷ್ಟವಾಗಿ ಬಿಡಿಸಿಟ್ಟ ಏರ್ಪಾಡು ನನಗೆ ಬೇರೆ ಗೊತ್ತಿಲ್ಲ. ‘ಹೆಸರು ಹೇಳಿ, ಏನು ಬೇಕಾದರೂ ಮಾಡಿ’ ಎಂಬುದು ಒಂದು ಪರವಾನಗಿ. ‘ಹೆಸರು ಹೇಳಿ, ನೀವು ಮಾಡಿದ್ದನ್ನೂ ಇದೇ ಷರತ್ತಿನಲ್ಲಿ ಹಂಚಿ’ ಎಂಬುದು ಇನ್ನೊಂದು. ವ್ಯಾಪಾರಕ್ಕೆ ಬೇಡ ಎನ್ನಬಹುದು, ಬದಲಾಯಿಸಬೇಡಿ ಎನ್ನಬಹುದು. ಆರು ಬಗೆಯಲ್ಲೂ ಹೆಸರು ಹೇಳುವುದು ಕಡ್ಡಾಯ. ಎರಡು ಎಚ್ಚರಿಕೆ ಮಾತ್ರ: ಒಮ್ಮೆ ಕೊಟ್ಟ ಪರವಾನಗಿಯನ್ನು ವಾಪಸು ಪಡೆಯಲಾಗದು. ಮತ್ತು ‘ವ್ಯಾಪಾರಕ್ಕೆ ಬೇಡ’ ಎಂಬ ಷರತ್ತು ಹಾಕುವಾಗ ಯೋಚಿಸಿ. ಜಾಹೀರಾತಿರುವ ಒಂದು ಪುಟ್ಟ ವಾಹಿನಿ ವ್ಯಾಪಾರವೋ ಅಲ್ಲವೋ ಎಂಬಂಥ ವಾದಗಳಿಗೆ ಅದು ಎಡೆಮಾಡಿಕೊಡುತ್ತದೆ. ಪರವಾನಗಿಯ ಹೆಸರನ್ನು ಪುಟದಲ್ಲಷ್ಟೇ ಅಲ್ಲ, ಫೈಲಿನ ಒಳಗಿನ ಮಾಹಿತಿಯಲ್ಲೂ ನಿಮ್ಮ ಹೆಸರಿನ ಜೊತೆ ಬರೆದಿಡಿ. ಅದು ಈ ಕಾಲದ ಅಂಕಿತ.

ಕೊನೆಗೆ ಆ ಹಾರ್ಡ್ ಡಿಸ್ಕ್. ಟೊರೆಂಟ್ ತಂತ್ರಾಂಶ ಇನ್ನೂ ಓಡುತ್ತಿದ್ದರೆ ನಿಲ್ಲಿಸಿ. ಪಟ್ಟಿ ತೆಗೆದು ಕೂತು, ಇವತ್ತು ಕಾನೂನುಬದ್ಧವಾಗಿ ಸಿಗುವ ಹಾಡುಗಳನ್ನು ಗುರುತಿಸಿ. ನೀವು ನಿಜವಾಗಿ ಪ್ರೀತಿಸುವ, ಬದುಕಿರುವ ಕಲಾವಿದರ ಹಾಡುಗಳನ್ನು ಸಾಧ್ಯವಾದರೆ ಅವರಿಂದಲೇ ಕೊಳ್ಳಿ, ಉಳಿದ ನಕಲುಗಳನ್ನು ಅಳಿಸಿ. ಎಲ್ಲಿ ಹುಡುಕಿದರೂ ಸಿಗದವು ಒಂದಿಷ್ಟು ಉಳಿಯುತ್ತವೆ. ಅವನ್ನು ಮಾತ್ರ ಅಳಿಸುವ ಅವಸರ ಮಾಡಬೇಡಿ. ಹಕ್ಕಿನ ಅವಧಿ ಭಾರತದಲ್ಲಿ ಕರ್ತೃವಿನ ಮರಣದ ನಂತರ 60 ವರ್ಷ, ಯುರೋಪು ಮತ್ತು ಅಮೆರಿಕದಲ್ಲಿ 70. ಅಮೆರಿಕ 1998ರಲ್ಲಿ ಅವಧಿಯನ್ನು 20 ವರ್ಷ ಹಿಗ್ಗಿಸಿದ್ದರಿಂದ, ಅಲ್ಲಿ 1923ರ ಕೃತಿಗಳು ಸಾರ್ವಜನಿಕ ಸ್ವತ್ತಾಗಲು 2019ರ ಜನವರಿಯವರೆಗೆ ಕಾಯಬೇಕಾಯಿತು. ಇಷ್ಟು ದೀರ್ಘ ಕಾಲದಲ್ಲಿ ಹಕ್ಕುದಾರರು ಯಾರೆಂದೇ ಗೊತ್ತಾಗದ ಅನಾಥ ಕೃತಿಗಳು ಲೆಕ್ಕವಿಲ್ಲದಷ್ಟು ಆಗುತ್ತವೆ. ಮರುಮುದ್ರಿಸುವವರಿಲ್ಲ, ಕೇಳಲು ಯಾರೂ ಇಲ್ಲ. 1960ರ ದಶಕದ ‘ಡಾಕ್ಟರ್ ಹೂ’ ಧಾರಾವಾಹಿಯ ಎಷ್ಟೋ ಕಂತುಗಳ ಟೇಪನ್ನು ಬಿಬಿಸಿಯೇ ಅಳಿಸಿಹಾಕಿತ್ತು. ಆ ಕಂತುಗಳ ಧ್ವನಿ ಇವತ್ತು ಉಳಿದಿರುವುದು, ಅವು ಪ್ರಸಾರವಾಗುವಾಗ ಅಭಿಮಾನಿಗಳು ಮನೆಯಲ್ಲಿ ಯಾರನ್ನೂ ಕೇಳದೆ ಟೇಪ್ ರೆಕಾರ್ಡರಿನಲ್ಲಿ ಹಿಡಿದಿಟ್ಟಿದ್ದರಿಂದ. ನಿಮ್ಮ ಬಳಿ ಅಂಥದ್ದೇನಾದರೂ ಇದ್ದರೆ ನೀವೇ ಅಂತರ್ಜಾಲಕ್ಕೆ ಏರಿಸಬೇಡಿ. ಹಾಡು, ಹಾಡಿದವರು, ಸಂಯೋಜಕರು, ವರ್ಷ, ಎಲ್ಲಿಂದ ಸಿಕ್ಕಿತು ಎಂದು ಗೊತ್ತಿದ್ದಷ್ಟನ್ನು ಒಂದು ಕಡತದಲ್ಲಿ ಬರೆದು, ಧ್ವನಿ ಸಂಗ್ರಹಾಲಯವೊಂದನ್ನು ವಿಚಾರಿಸಿ. ಗೊತ್ತಿಲ್ಲದ ಕಡೆ ಗೊತ್ತಿಲ್ಲ ಎಂದೇ ಬರೆಯಿರಿ, ಊಹೆಯ ಹೆಸರು ಹಾಕಬೇಡಿ.